ಮರಣೋತ್ತರ ಅಸ್ತಿತ್ವವೂ ಆಧುನಿಕ ಭೌತವಿಜ್ಞಾನವೂ

ಕಠೋಪನಿಷತ್ತಿನ ಬಾಲಕ ನಚಿಕೇತನು ಯಮನಲ್ಲಿ ಬೇಡಿದ ಮೂರನೆಯ ವರ ಒಂದು ಸಂಶಯದ ಪರಿಹಾರ. ಮರಣದೊಡನೆ ಮನುಷ್ಯನು ಮುಗಿದುಹೋಗುವನೆ, ಅಥವಾ ಅವನಲ್ಲಿ ಯಾವುದೋ ಒಂದು ಅಂಶ ಉಳಿಯುವುದೆ ಎಂಬುದೇ ಆ ಸಂಶಯ. ಯಮನು ಹುಡುಗನಿಗೆ ರಾಜ್ಯ, ಸಂಪತ್ತು, ದೀರ್ಘಾಯುಷ್ಯಗಳ ಆಸೆಯನ್ನು ತೋರಿಸಿ ಪ್ರಶ್ನೆಯನ್ನು ಬಿಡಿಸಲು ನೋಡಿದನು, ಹುಡುಗನು ಬಿಡಲಿಲ್ಲ. ಮನುಷ್ಯಜಾತಿಯೂ ಅಂದಿನಿಂದ ಆ ಪ್ರಶ್ನೆಯನ್ನು ಬಿಟ್ಟಿಲ್ಲ. ಕೇಳುವ ಸ್ಥಳ ಮಾತ್ರ ಬದಲಾಗಿದೆ. ಇಂದು ಅನೇಕರು ಅದನ್ನು ಭೌತವಿಜ್ಞಾನದ ಬಾಗಿಲಿಗೆ ತರುತ್ತಾರೆ. "ಶಕ್ತಿಗೆ ನಾಶವಿಲ್ಲವೆಂದು ನೀವೇ ಪಾಠ ಹೇಳುತ್ತೀರಿ, ಹಾಗಾದರೆ ಜೀವಶಕ್ತಿಗೂ ನಾಶವಿಲ್ಲವಲ್ಲವೆ?" ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಕ್ವಾಂಟಂ ಸಿದ್ಧಾಂತವು ಆತ್ಮದ ಅಮರತ್ವವನ್ನು ಸಾಧಿಸಿತೆಂದು ವೇದಿಕೆಗಳಲ್ಲಿ ಭಾಷಣಗಳಾಗುತ್ತವೆ. ವಿಜ್ಞಾನವು ಇದನ್ನೆಲ್ಲ ಎಂದೋ ಅಲ್ಲಗಳೆದಾಯಿತೆಂದು ಅಷ್ಟೇ ಗಟ್ಟಿಯಾಗಿ ಹೇಳುವವರೂ ಇದ್ದಾರೆ.

ಇದು ಬರಿಯ ಚರ್ಚಾಕೂಟದ ವಿಷಯವಲ್ಲ. ತಾಯಿಯನ್ನೋ ಮಗುವನ್ನೋ ಕಳೆದುಕೊಂಡವರ ಮನೆಯಲ್ಲಿ ಈ ಪ್ರಶ್ನೆಗೆ ಬೇರೆಯೇ ಭಾರವಿದೆ. ಅಂಥವರಿಗೆ ವಿಜ್ಞಾನದ ಹೆಸರಿನಲ್ಲಿ ಹುಸಿ ಭರವಸೆಯನ್ನು ಮಾರುವುದು ಅನ್ಯಾಯ. ವಿಜ್ಞಾನಕ್ಕಿಲ್ಲದ ಅಧಿಕಾರವನ್ನು ಅದರ ಮೇಲೆ ಹೇರಿ ಅವರ ನಂಬಿಕೆಯನ್ನು ಕಸಿಯುವುದೂ ಅನ್ಯಾಯವೇ. ಆದುದರಿಂದ ಭೌತವಿಜ್ಞಾನವು ಈ ವಿಷಯದಲ್ಲಿ ನಿಜವಾಗಿ ಎಷ್ಟನ್ನು ಹೇಳಬಲ್ಲದು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ನಾವು ಒಂದೊಂದಾಗಿ ಪರಿಶೀಲಿಸೋಣ.

ಆತ್ಮವನ್ನು ತೂಗಿದ ವೈದ್ಯ

ಆತ್ಮವು ಒಂದು ವಸ್ತುವಾಗಿದ್ದರೆ ಅದಕ್ಕೆ ತೂಕವಿರಬೇಕು. ಪ್ರಾಣ ಹೋದ ಕ್ಷಣದಲ್ಲಿ ದೇಹದ ತೂಕ ಅಷ್ಟು ಕಡಮೆಯಾಗಬೇಕು. ಈ ಸರಳ ತರ್ಕವನ್ನು ಅನುಸರಿಸಿ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಹೇವರ್‌ಹಿಲ್ ಎಂಬ ಊರಿನ ವೈದ್ಯ ಡಂಕನ್ ಮ್ಯಾಕ್‌ಡೂಗಲ್ ಎಂಬವರು ಸಾವಿನ ಅಂಚಿನಲ್ಲಿದ್ದ ಆರು ಮಂದಿ ರೋಗಿಗಳನ್ನು ಮಂಚಸಹಿತವಾಗಿ ತಕ್ಕಡಿಯ ಮೇಲಿರಿಸಿ ತೂಗಿದರು. ಅವರ ವರದಿ ೧೯೦೭ರಲ್ಲಿ ಪ್ರಕಟವಾಯಿತು. ಮೊದಲನೆಯ ರೋಗಿಯ ತೂಕ ಮರಣಕಾಲದಲ್ಲಿ ಮುಕ್ಕಾಲು ಔನ್ಸಿನಷ್ಟು, ಎಂದರೆ ಸುಮಾರು ೨೧ ಗ್ರಾಂ, ಇಳಿಯಿತೆಂದು ಅವರು ಬರೆದರು. "ಆತ್ಮದ ತೂಕ ೨೧ ಗ್ರಾಂ" ಎಂಬ ಮಾತು ಅಲ್ಲಿಂದ ಹುಟ್ಟಿ ಇಂದಿಗೂ ಬದುಕಿದೆ.

ಆದರೆ ಉಳಿದ ಐವರ ಕಥೆಯನ್ನು ಕೇಳುವವರು ಕಡಮೆ. ಎರಡು ಪ್ರಯೋಗಗಳನ್ನು ಮ್ಯಾಕ್‌ಡೂಗಲ್ ಅವರೇ ಲೆಕ್ಕಕ್ಕೆ ಬಾರದವೆಂದು ಕೈಬಿಟ್ಟರು. ಉಳಿದವುಗಳ ಫಲಗಳು ಒಂದಕ್ಕೊಂದು ಹೊಂದಲಿಲ್ಲ. ತಕ್ಕಡಿಯ ಸೂಕ್ಷ್ಮತೆಯೇ ಐದಾರು ಗ್ರಾಂಗಳಷ್ಟಿತ್ತು. ಮರಣದ ಕ್ಷಣ ಯಾವುದೆಂದು ನಿಶ್ಚಯಿಸುವುದೂ ಸುಲಭವಾಗಿರಲಿಲ್ಲ. ಉಸಿರು ನಿಂತೊಡನೆ ಶ್ವಾಸಕೋಶಗಳು ರಕ್ತವನ್ನು ತಂಪಾಗಿಸುವ ಕಾರ್ಯ ನಿಲ್ಲುತ್ತದೆ, ಚರ್ಮ ಬಿಸಿಯೇರಿ ಬೆವರಿನಿಂದ ತೂಕ ಇಳಿಯಬಹುದು ಎಂದು ಕ್ಲಾರ್ಕ್ ಎಂಬ ಇನ್ನೊಬ್ಬ ವೈದ್ಯರು ಆಗಲೇ ಆಕ್ಷೇಪಿಸಿದರು. ಮ್ಯಾಕ್‌ಡೂಗಲ್ ಹದಿನೈದು ನಾಯಿಗಳನ್ನೂ ಹೀಗೆ ತೂಗಿ, ಅವುಗಳ ತೂಕ ಇಳಿಯಲಿಲ್ಲವೆಂದೂ, ನಾಯಿಗಳಿಗೆ ಆತ್ಮವಿಲ್ಲದಿರುವುದೇ ಅದಕ್ಕೆ ಕಾರಣವಿರಬಹುದೆಂದೂ ಊಹಿಸಿದ್ದರು. ನಾಯಿಯು ಮನುಷ್ಯನಂತೆ ಮೈಯೆಲ್ಲ ಬೆವರುವುದಿಲ್ಲವೆಂಬುದನ್ನು ನಾವು ಮರೆಯಬಾರದು.

ಇನ್ನೊಂದು ಲೆಕ್ಕವನ್ನೂ ಮಾಡಿ ನೋಡೋಣ. ಆ ೨೧ ಗ್ರಾಂ ದ್ರವ್ಯವು ಕಣ್ಣಿಗೆ ಕಾಣದ ಶಕ್ತಿಯಾಗಿ ಮಾರ್ಪಟ್ಟಿತೆಂದು ಕೆಲವರು ಹೇಳುವುದುಂಟು. ಐನ್‌ಸ್ಟೈನರ ಸಮೀಕರಣದಂತೆ ದ್ರವ್ಯರಾಶಿಯನ್ನು ಬೆಳಕಿನ ವೇಗದ ವರ್ಗದಿಂದ ಗುಣಿಸಿದರೆ ದೊರೆಯುವ ಶಕ್ತಿ ಸುಮಾರು ೧.೯ × ೧೦^೧೫ ಜೌಲ್. ಇದು ಹಿರೋಷಿಮಾದ ಮೇಲೆ ೧೯೪೫ರಲ್ಲಿ ಬಿದ್ದ ಬಾಂಬಿನ ಶಕ್ತಿಯ ಮೂವತ್ತರಷ್ಟಾಗುತ್ತದೆ. ಇಷ್ಟು ಶಕ್ತಿ ಒಂದು ಕೋಣೆಯಿಂದ ಹೊರಟು ಗೋಡೆಯನ್ನೂ ಬಿಸಿ ಮಾಡದೆ ಹೋಯಿತೆನ್ನುವುದಾದರೆ, ಅದನ್ನು ಭೌತವಿಜ್ಞಾನದ ಅರ್ಥದಲ್ಲಿ 'ಶಕ್ತಿ' ಎನ್ನುವುದಕ್ಕೆ ಕಾರಣವೇ ಉಳಿಯುವುದಿಲ್ಲ.

ಶಕ್ತಿಗೆ ನಾಶವಿಲ್ಲ, ಆದರೆ?

ಈಗ ವಿದ್ಯಾರ್ಥಿಗಳ ಪ್ರಶ್ನೆಗೆ ಬರೋಣ. ೧೮೪೦ರ ದಶಕದಲ್ಲಿ ಮೇಯರ್, ಜೌಲ್, ಹೆಲ್ಮ್‌ಹೋಲ್ಟ್ಸ್ ಎಂಬ ಮೂವರ ಕೆಲಸದಿಂದ ಶಕ್ತಿ ಸಂರಕ್ಷಣ ನಿಯಮ ನೆಲೆಗೊಂಡಿತು. ಶಕ್ತಿಯು ರೂಪಾಂತರ ಹೊಂದಬಲ್ಲದೇ ಹೊರತು ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ಜೀವಂತ ದೇಹವೂ ಈ ನಿಯಮಕ್ಕೆ ಒಳಪಟ್ಟಿದೆಯೆ? ಒಳಪಟ್ಟಿದೆ. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾನಿಲಯದಲ್ಲಿ ಆಟ್‌ವಾಟರ್ ಮತ್ತು ರೋಸಾ ಎಂಬವರು ೧೮೯೦ರ ದಶಕದಲ್ಲಿ ಮನುಷ್ಯನು ದಿನಗಟ್ಟಲೆ ವಾಸಿಸಬಹುದಾದ ಒಂದು ಉಷ್ಣಮಾಪಕ ಕೋಣೆಯನ್ನು ಕಟ್ಟಿದರು. ಒಳಗಿರುವವನು ತಿಂದ ಆಹಾರ, ಬಿಟ್ಟ ಉಸಿರು, ಮಾಡಿದ ಕೆಲಸ, ಹೊರಚೆಲ್ಲಿದ ಉಷ್ಣ ಎಲ್ಲವನ್ನೂ ಅಳೆದರು. ಒಳಬಂದ ಶಕ್ತಿಗೂ ಹೊರಹೋದ ಶಕ್ತಿಗೂ ಸರಾಸರಿಯಲ್ಲಿ ಕಂಡ ವ್ಯತ್ಯಾಸ ನೂರಕ್ಕೆ ಒಂದಕ್ಕಿಂತ ಕಡಮೆ. ಆಹಾರದಿಂದ ಬಾರದ, ಲೆಕ್ಕಕ್ಕೆ ಸಿಕ್ಕದ 'ಜೀವಶಕ್ತಿ' ಎಂಬ ಬೇರೊಂದು ಬಾಬಿಗೆ ಅಲ್ಲಿ ಸ್ಥಳವಿರಲಿಲ್ಲ.

ಒಬ್ಬನು ದಿನಕ್ಕೆ ೨೦೦೦ ಕಿಲೊಕ್ಯಾಲೊರಿ ಆಹಾರವನ್ನು ತಿನ್ನುತ್ತಾನೆನ್ನಿ. ಅದು ಸುಮಾರು ೮೪೦೦ ಕಿಲೊಜೌಲ್. ದಿನದ ೮೬,೪೦೦ ಸೆಕೆಂಡುಗಳಿಂದ ಭಾಗಿಸಿದರೆ ೯೭ ವಾಟ್ ಬರುತ್ತದೆ. ಎಂದರೆ ನಮ್ಮಲ್ಲಿ ಪ್ರತಿಯೊಬ್ಬರೂ ಹಳೆಯ ಕಾಲದ ನೂರು ವಾಟಿನ ಒಂದು ವಿದ್ಯುದ್ದೀಪದಷ್ಟು ಶಕ್ತಿಯನ್ನು ವ್ಯಯಿಸುತ್ತ ಬದುಕಿರುತ್ತೇವೆ. ಮರಣಾನಂತರ ಈ ಹರಿವು ನಿಲ್ಲುತ್ತದೆ. ಆಗ ದೇಹದಲ್ಲಿ ಉಳಿದಿದ್ದ ಶಕ್ತಿ ಎಲ್ಲಿ ಹೋಯಿತು? ಅರುವತ್ತು ಕಿಲೊಗ್ರಾಂ ತೂಕದ ದೇಹವು ೩೭ ಡಿಗ್ರಿಯಿಂದ ಕೋಣೆಯ ೨೫ ಡಿಗ್ರಿಗೆ ತಣಿಯುವಾಗ ಸುಮಾರು ೨೫೦೦ ಕಿಲೊಜೌಲ್ ಉಷ್ಣ ಸುತ್ತಣ ಗಾಳಿಗೂ ನೆಲಕ್ಕೂ ಸೇರುತ್ತದೆ. ಕೊಬ್ಬು, ಮಾಂಸಗಳಲ್ಲಿ ಅಡಗಿರುವ ರಾಸಾಯನಿಕ ಶಕ್ತಿ ಇದಕ್ಕಿಂತ ಬಹು ಹೆಚ್ಚು. ಅದನ್ನು ಚಿತೆಯ ಬೆಂಕಿಯೋ ಮಣ್ಣಿನ ಸೂಕ್ಷ್ಮಜೀವಿಗಳೋ ಬಿಡುಗಡೆ ಮಾಡುತ್ತವೆ. ಲೆಕ್ಕ ಚುಕ್ತವಾಯಿತು. ಶಕ್ತಿಯು ನಾಶವಾಗಲಿಲ್ಲ, ಚದರಿಹೋಯಿತು.

ದೀಪವನ್ನು ಆರಿಸಿದಾಗ ಜ್ವಾಲೆ ಎಲ್ಲಿಗೆ ಹೋಯಿತೆಂದು ಕೇಳಿದರೆ ಏನು ಹೇಳುವುದು? ಎಣ್ಣೆಯಲ್ಲಿದ್ದ ಪರಮಾಣುಗಳು ಉಳಿದಿವೆ, ಶಕ್ತಿಯೂ ಉಳಿದಿದೆ. ಜ್ವಾಲೆ ಮಾತ್ರ ಇಲ್ಲ. ಜ್ವಾಲೆಯೆಂಬುದು ದ್ರವ್ಯ ಮತ್ತು ಶಕ್ತಿಗಳು ಒಂದು ಕ್ರಮದಲ್ಲಿ ಹರಿಯುವ ವ್ಯಾಪಾರ. ಸಂರಕ್ಷಣ ನಿಯಮವು ಮೊತ್ತವನ್ನು ಕಾಯುತ್ತದೆ, ಕ್ರಮವನ್ನು ಕಾಯುವುದಿಲ್ಲ. ಕ್ರಮಕ್ಕೆ ಸಂಬಂಧಿಸಿದುದು ಉಷ್ಣಗತಿವಿಜ್ಞಾನದ ಎರಡನೆಯ ನಿಯಮ. ತಮ್ಮ ಪಾಡಿಗೆ ಬಿಟ್ಟ ವ್ಯವಸ್ಥೆಗಳಲ್ಲಿ ಅಕ್ರಮತೆ ಹೆಚ್ಚುತ್ತ ಹೋಗುತ್ತದೆಂದು ಅದು ಹೇಳುತ್ತದೆ. ಮೊದಲನೆಯ ನಿಯಮವನ್ನು ಅಮರತ್ವಕ್ಕೆ ಸಾಕ್ಷಿಯಾಗಿ ಕರೆಯುವವರು ಎರಡನೆಯ ನಿಯಮದ ಸಾಕ್ಷ್ಯವನ್ನೂ ಕೇಳಬೇಕಾಗುತ್ತದೆ. ಮನುಷ್ಯನ ವ್ಯಕ್ತಿತ್ವವು ಶಕ್ತಿಯ ಮೊತ್ತದಲ್ಲಿಲ್ಲ. ಹಾಗಿದ್ದಿದ್ದರೆ ಒಂದು ಬಿಂದಿಗೆ ಬಿಸಿನೀರಿಗೂ ನಮಗೂ ಭೇದವಿರುತ್ತಿರಲಿಲ್ಲ.

ಈಥರಿನಲ್ಲಿ ಪರಲೋಕ

ಹತ್ತೊಂಬತ್ತನೆಯ ಶತಮಾನದ ಹಿರಿಯ ಭೌತವಿಜ್ಞಾನಿಗಳಿಗೆ ಈ ತೊಡಕು ತಿಳಿಯದೆ ಇರಲಿಲ್ಲ. ೧೮೭೫ರಲ್ಲಿ 'ಅಗೋಚರ ವಿಶ್ವ' ಎಂಬರ್ಥದ ಹೆಸರಿನ ಒಂದು ಪುಸ್ತಕ ಇಂಗ್ಲೆಂಡಿನಲ್ಲಿ ಕರ್ತೃಗಳ ಹೆಸರಿಲ್ಲದೆ ಪ್ರಕಟವಾಯಿತು. ಬರೆದವರು ಬಾಲ್ಫರ್ ಸ್ಟುವರ್ಟ್ ಮತ್ತು ಪೀಟರ್ ಗತ್ರಿ ಟೇಟ್ ಎಂಬ ಇಬ್ಬರು ಭೌತವಿಜ್ಞಾನ ಪ್ರಾಧ್ಯಾಪಕರೆಂದು ಅನಂತರ ತಿಳಿಯಿತು. ಅವರ ವಾದದ ತಿರುಳು ಇದು: ಗೋಚರ ವಿಶ್ವದ ಶಕ್ತಿಯು ಎರಡನೆಯ ನಿಯಮದಂತೆ ಸೋರಿಹೋಗುತ್ತಿದೆ, ಅದು ಎಲ್ಲೆಡೆಯೂ ವ್ಯಾಪಿಸಿರುವ ಈಥರಿಗೆ ಸೇರುತ್ತದೆ, ನಮ್ಮ ಪ್ರತಿಯೊಂದು ಆಲೋಚನೆಯೂ ಮೆದುಳಿನ ಚಲನೆಯಾದ್ದರಿಂದ ಅದರ ಅಚ್ಚು ಈಥರಿನ ಮೂಲಕ ಅಗೋಚರ ಲೋಕದಲ್ಲಿ ಬೀಳುತ್ತಿರಬಹುದು, ದೇಹ ಹೋದ ಮೇಲೂ ಆ ಅಚ್ಚು ಉಳಿದೀತು.

ವಾದವು ಜಾಣತನದ್ದಾಗಿತ್ತು, ಅಂದಿನ ಭೌತವಿಜ್ಞಾನಕ್ಕೆ ವಿರುದ್ಧವೂ ಆಗಿರಲಿಲ್ಲ. ಬೆಳಕಿನ ಅಲೆಗಳಿಗೆ ಒಂದು ಮಾಧ್ಯಮ ಬೇಕೆಂದು ಆಗ ಎಲ್ಲರೂ ನಂಬಿದ್ದರು. ಆದರೆ ೧೮೮೭ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ಅವರು ಭೂಮಿಯು ಈಥರಿನಲ್ಲಿ ಚಲಿಸುವ ಗುರುತನ್ನು ಹುಡುಕಿ ಕಾಣದೆ ಹೋದರು. ೧೯೦೫ರಲ್ಲಿ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತ ಈಥರಿನ ಅಗತ್ಯವನ್ನೇ ಇಲ್ಲವಾಗಿಸಿತು. ಅಲ್ಲಿ ಕಟ್ಟಿದ ಪರಲೋಕಕ್ಕೆ ತಳಹದಿಯೇ ಉಳಿಯಲಿಲ್ಲ.

ಆದರೂ ಈಥರನ್ನು ಕೊನೆಯವರೆಗೂ ಬಿಡದಿದ್ದ ಒಬ್ಬ ಗಣ್ಯ ವಿಜ್ಞಾನಿಯಿದ್ದರು: ಸರ್ ಆಲಿವರ್ ಲಾಡ್ಜ್. ೧೮೯೪ರಲ್ಲೇ ವಿದ್ಯುತ್ಕಾಂತೀಯ ಅಲೆಗಳನ್ನು ಸಭೆಯ ಮುಂದೆ ಗ್ರಹಿಸಿ ತೋರಿಸಿದ, ರೇಡಿಯೊದ ಆದಿಪುರುಷರಲ್ಲೊಬ್ಬರು ಅವರು. ಅವರ ಮಗ ರೇಮಂಡ್ ೧೯೧೫ರ ಸೆಪ್ಟೆಂಬರಿನಲ್ಲಿ ಮೊದಲನೆಯ ಮಹಾಯುದ್ಧದಲ್ಲಿ ಮಡಿದನು. ಲಾಡ್ಜ್ ದಂಪತಿಗಳು ಪ್ರೇತಮಾಧ್ಯಮರ ಮೂಲಕ ಮಗನ ಮಾತನ್ನು ಕೇಳಿದೆವೆಂದು ನಂಬಿದರು. ೧೯೧೬ರಲ್ಲಿ ಲಾಡ್ಜ್ ಮಗನ ಹೆಸರಿನಲ್ಲೇ ಒಂದು ಪುಸ್ತಕವನ್ನು ಪ್ರಕಟಿಸಿದರು. ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ಸಾವಿರಾರು ಮನೆಗಳಲ್ಲಿ ಅದನ್ನು ಓದಿದರು. ತಂತಿಯಿಲ್ಲದೆ ದೂರಕ್ಕೆ ಸಂದೇಶ ಹೋಗುವುದಾದರೆ ಸತ್ತವರಿಂದ ಬದುಕಿರುವವರಿಗೆ ಏಕೆ ಬರಬಾರದೆಂದು ಅಂದು ಅನೇಕರಿಗೆ ತೋರಿದ್ದು ಸಹಜ. ಆದರೆ ರೇಡಿಯೊದ ಅಲೆಯನ್ನು ಯಾರು ಬೇಕಾದರೂ, ಯಾವ ಊರಿನಲ್ಲಿ ಬೇಕಾದರೂ, ನಂಬಿಕೆಯಿಲ್ಲದೆಯೂ ಗ್ರಹಿಸಬಹುದು. ಪ್ರೇತಮಾಧ್ಯಮರ ಸಂದೇಶಕ್ಕೆ ಆ ಗುಣ ಎಂದೂ ಬರಲಿಲ್ಲ. ಲಾಡ್ಜ್ ಅವರ ದುಃಖವನ್ನು ನಾವು ಗೌರವಿಸಬೇಕು. ಅವರ ಪಾಂಡಿತ್ಯ ಅವರ ತೀರ್ಮಾನಕ್ಕೆ ಪ್ರಮಾಣವಾಗಲಾರದು.

ತಿಳಿಯದ ಬಲಕ್ಕೆ ಎಡೆಯುಂಟೆ?

"ವಿಜ್ಞಾನಕ್ಕೆ ಇನ್ನೂ ತಿಳಿಯದ ಬಲಗಳಿರಬಹುದಲ್ಲವೆ?" ಎಂಬುದು ಮುಂದಿನ ಪ್ರಶ್ನೆ. ಖಂಡಿತವಾಗಿ ಇರಬಹುದು. ವಿಶ್ವದಲ್ಲಿ ನಮಗೆ ಪರಿಚಿತವಾದ ಪರಮಾಣುದ್ರವ್ಯ ನೂರಕ್ಕೆ ಐದು ಪಾಲು ಮಾತ್ರ. ಸುಮಾರು ೨೭ ಪಾಲು ಕಪ್ಪು ದ್ರವ್ಯ, ೬೮ ಪಾಲು ಕಪ್ಪು ಶಕ್ತಿ. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಆತ್ಮವು ದೇಹವನ್ನು ನಡೆಸುತ್ತದೆ ಎಂದರೆ, ಅದು ಮೆದುಳಿನ ಪರಮಾಣುಗಳನ್ನು ಅಲುಗಿಸಬೇಕು. ನಮ್ಮ ನರಗಳಲ್ಲಿ ಸಂದೇಶ ಹರಿಯುವುದು ಸೋಡಿಯಂ, ಪೊಟಾಸಿಯಂ ಅಯಾನುಗಳ ಚಲನೆಯಿಂದ, ಸುಮಾರು ೭೦ ಮಿಲಿವೋಲ್ಟಿನ ವಿದ್ಯುದ್ವಿಭವದ ಏರಿಳಿತದಿಂದ. ಹಾಜ್‌ಕಿನ್ ಮತ್ತು ಹಕ್ಸ್‌ಲಿ ಅವರು ೧೯೫೨ರಲ್ಲಿ ಇದರ ಸಮೀಕರಣಗಳನ್ನು ಕೊಟ್ಟರು; ಆ ಕೆಲಸಕ್ಕೆ ೧೯೬೩ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆತ್ಮವು ಕೈಯನ್ನು ಎತ್ತಿಸುವುದಾದರೆ ಈ ಅಯಾನುಗಳ ಮೇಲೆ ಅದು ಒಂದು ಬಲವನ್ನು ಬೀರಲೇಬೇಕು. ನಾವು ಕಂಡದ್ದು ಆತ್ಮದ ನೆನಪಿನಲ್ಲಿ ಉಳಿಯಬೇಕಾದರೆ ಅಯಾನುಗಳೂ ಅದರ ಮೇಲೆ ಪರಿಣಾಮ ಬೀರಬೇಕು.

ಇಂಥ ಬಲವೊಂದು ಇರುವುದಾದರೆ ಅದು ಎಲೆಕ್ಟ್ರಾನು, ಪ್ರೋಟಾನುಗಳೊಡನೆ ಸಾಕಷ್ಟು ಗಟ್ಟಿಯಾಗಿ ವ್ಯವಹರಿಸಬೇಕು. ಆದರೆ ನಾವು ಅತ್ಯಂತ ನಿಖರವಾಗಿ ಬಲ್ಲ ವಿಷಯಗಳಲ್ಲಿ ಎಲೆಕ್ಟ್ರಾನಿನ ವರ್ತನೆಯೂ ಒಂದು. ಅದರ ಕಾಂತೀಯ ಗುಣದ ಬಗ್ಗೆ ಸಿದ್ಧಾಂತವು ಹೇಳುವ ಬೆಲೆಗೂ ಪ್ರಯೋಗದಲ್ಲಿ ಅಳೆದ ಬೆಲೆಗೂ ಹತ್ತಕ್ಕಿಂತ ಹೆಚ್ಚು ಅಂಕೆಗಳವರೆಗೆ ಹೊಂದಿಕೆಯಿದೆ. ಜಿನೀವಾ ಬಳಿಯ ಸರ್ನ್ ಪ್ರಯೋಗಶಾಲೆಯಲ್ಲಿ ಎಲೆಕ್ಟ್ರಾನು ಪಾಸಿಟ್ರಾನುಗಳನ್ನು ೧೯೮೯ರಿಂದ ೨೦೦೦ದವರೆಗೆ ಡಿಕ್ಕಿ ಹೊಡೆಸಿ ನೋಡಿದರು. ಪ್ರೋಟಾನುಗಳ ಡಿಕ್ಕಿಯಿಂದ ೨೦೧೨ರಲ್ಲಿ ಹಿಗ್ಸ್ ಕಣವನ್ನು ಕಂಡರು. ನರಗಳ ಅಯಾನುಗಳನ್ನು ತಳ್ಳುವಷ್ಟು ಗಟ್ಟಿಯಾದ ಹೊಸ ಬಲವಿದ್ದಿದ್ದರೆ ಅದರ ವಾಹಕಕಣಗಳು ಇಂಥ ಪ್ರಯೋಗಗಳಲ್ಲಿ ಎಂದೋ ಸಿಕ್ಕಬೇಕಾಗಿತ್ತು. ಅಮೆರಿಕದ ಭೌತವಿಜ್ಞಾನಿ ಶಾನ್ ಕ್ಯಾರಲ್ ಅವರು ೨೦೧೧ರಲ್ಲಿ ಈ ವಾದವನ್ನೇ ಮರಣೋತ್ತರ ಅಸ್ತಿತ್ವದ ಪ್ರಶ್ನೆಗೆ ಅನ್ವಯಿಸಿ ಬರೆದರು. ನಮಗೆ ತಿಳಿಯದುದು ಅಪಾರವಾಗಿದೆ. ಆದರೆ ಅದು ಇರುವುದು ಕಪ್ಪುಕುಳಿಗಳ ಒಳಗೆ, ವಿಶ್ವದ ಆದಿಕ್ಷಣದಲ್ಲಿ, ಅಥವಾ ನಮ್ಮ ಪರಮಾಣುಗಳನ್ನು ಸೋಂಕದೆ ಹಾದುಹೋಗುವ ದ್ರವ್ಯದಲ್ಲಿ. ಅಮೆರಿಕದ ದಕ್ಷಿಣ ಡಕೋಟಾದಲ್ಲಿ ನೆಲದಡಿ ಸುಮಾರು ಒಂದೂವರೆ ಕಿಲೊಮೀಟರು ಆಳದಲ್ಲಿ ಹಲವು ಟನ್ ದ್ರವ ಕ್ಸೆನಾನಿನ ತೊಟ್ಟಿಯನ್ನಿಟ್ಟು ಕಪ್ಪು ದ್ರವ್ಯದ ಒಂದು ಕಣವಾದರೂ ಪರಮಾಣುವನ್ನು ತಟ್ಟೀತೆ ಎಂದು ಕಾಯುವ ಪ್ರಯೋಗವಿದೆ. ಇಷ್ಟು ನಾಚಿಕೆಯ ದ್ರವ್ಯವು ಮೆದುಳನ್ನು ನಡೆಸುತ್ತದೆಂದು ಹೇಳುವುದು ಹೇಗೆ?

ಮೆದುಳಿನ ಕಡೆಯ ಸಾಕ್ಷ್ಯವೂ ಇದರೊಡನೆ ಹೊಂದುತ್ತದೆ. ಅರಿವಳಿಕೆಯ ಔಷಧದ ಕೆಲವು ಗ್ರಾಂ ನಮ್ಮ ಪ್ರಜ್ಞೆಯನ್ನು ಆರಿಸುತ್ತದೆ. ಆಲ್ಜೈಮರ್ ರೋಗದಲ್ಲಿ ನರಕೋಶಗಳು ನಾಶವಾದಂತೆ ಮಕ್ಕಳ ಹೆಸರುಗಳೂ ಮರೆತುಹೋಗುತ್ತವೆ. ಮೆದುಳಿನ ಒಂದು ಭಾಗ ಕೆಟ್ಟರೆ ನೆನಪು ಹೋಗುವುದಾದರೆ, ಇಡೀ ಮೆದುಳು ಬೂದಿಯಾದಾಗ ಅದು ಪೂರ್ಣವಾಗಿ ಉಳಿಯುವುದು ಹೇಗೆಂಬುದನ್ನು ನಂಬುವವರು ವಿವರಿಸಬೇಕಾಗುತ್ತದೆ. ನಮ್ಮ ದೇಶದ ಲೋಕಾಯತರು ಈ ಕಡೆಗೆ ಎಂದೋ ಬೆರಳು ತೋರಿದ್ದರು. ಎಲೆ, ಅಡಿಕೆ, ಸುಣ್ಣಗಳಲ್ಲಿ ಬಿಡಿಬಿಡಿಯಾಗಿ ಕಾಣದ ಕೆಂಪು ಅವು ಸೇರಿದಾಗ ಹುಟ್ಟುವಂತೆ, ಭೂತಗಳ ಕೂಟದಿಂದ ಚೈತನ್ಯ ಹುಟ್ಟುತ್ತದೆಂದು ಅವರ ಮತವನ್ನು ಹಳೆಯ ಸಂಗ್ರಹಗ್ರಂಥಗಳು ನಿರೂಪಿಸುತ್ತವೆ.

ಕ್ವಾಂಟಂ ಎಂಬ ಮಂತ್ರ

ಇಂದು ಅತಿ ಹೆಚ್ಚಾಗಿ ದುರುಪಯೋಗವಾಗುತ್ತಿರುವ ಪದ 'ಕ್ವಾಂಟಂ'. "ನೋಡುವವನಿಲ್ಲದೆ ವಸ್ತುವಿಲ್ಲವೆಂದು ಕ್ವಾಂಟಂ ಸಿದ್ಧಾಂತ ಹೇಳುತ್ತದೆ, ಆದುದರಿಂದ ಚೈತನ್ಯವೇ ಮೂಲ, ಅದಕ್ಕೆ ಸಾವಿಲ್ಲ" ಎಂಬುದು ವಾದ. ಈ ಮಾತಿಗೆ ಒಂದು ಗೌರವಾನ್ವಿತ ಮೂಲವಿದೆ. ಯೂಜೀನ್ ವಿಗ್ನರ್ ಎಂಬ ಮಹಾವಿಜ್ಞಾನಿ ೧೯೬೧ರಲ್ಲಿ, ಅಳತೆಯ ಕ್ರಿಯೆ ಪೂರ್ಣವಾಗಲು ಪ್ರಜ್ಞೆಯ ಪಾತ್ರ ಬೇಕಾದೀತೆಂದು ಗಂಭೀರವಾಗಿ ಸೂಚಿಸಿದರು. ಮುಂದೆ ಅವರೇ ಆ ಅಭಿಪ್ರಾಯದಿಂದ ಹಿಂದೆ ಸರಿದರು. ಕ್ವಾಂಟಂ ಸಿದ್ಧಾಂತದಲ್ಲಿ 'ಅಳತೆ' ಎಂದರೆ ಕಣವು ಒಂದು ದೊಡ್ಡ ವ್ಯವಸ್ಥೆಯೊಡನೆ ಬೆರೆತು ಅಳಿಸಲಾಗದ ಗುರುತನ್ನು ಬಿಡುವುದು. ಛಾಯಾಚಿತ್ರದ ಫಲಕವೇ ಆ ಕೆಲಸ ಮಾಡುತ್ತದೆ. ಫಲಕವನ್ನು ಯಾರಾದರೂ ನೋಡಲಿ, ಬಿಡಲಿ. ನೋಡುವವರು ಹುಟ್ಟುವ ಮುಂಚೆ ಕೋಟ್ಯಂತರ ವರ್ಷ ನಕ್ಷತ್ರಗಳು ಕ್ವಾಂಟಂ ನಿಯಮದಂತೆಯೇ ಉರಿದವು.

೧೯೯೦ರ ದಶಕದಲ್ಲಿ ಗಣಿತಜ್ಞ ರಾಜರ್ ಪೆನ್‌ರೋಸ್ ಮತ್ತು ವೈದ್ಯ ಸ್ಟುವರ್ಟ್ ಹ್ಯಾಮರಾಫ್ ಅವರು ನರಕೋಶಗಳೊಳಗಿನ ಸೂಕ್ಷ್ಮನಾಳಗಳಲ್ಲಿ ಕ್ವಾಂಟಂ ವ್ಯಾಪಾರಗಳು ನಡೆದು ಪ್ರಜ್ಞೆ ಹುಟ್ಟುತ್ತದೆಂಬ ಊಹೆಯನ್ನು ಮುಂದಿಟ್ಟರು. ಇದನ್ನು ಪರಲೋಕವಾದಿಗಳು ಮೇಲಿಂದ ಮೇಲೆ ಎತ್ತಿ ಹೇಳುತ್ತಾರೆ. ಆದರೆ ಮೆದುಳು ಬೆಚ್ಚಗಿನ, ತೇವವಾದ, ಅಣುಗಳ ಗದ್ದಲದಿಂದ ತುಂಬಿದ ಸ್ಥಳ. ಅಲ್ಲಿ ನಾಜೂಕಾದ ಕ್ವಾಂಟಂ ಸ್ಥಿತಿಗಳು ೧೦^-೧೩ ಸೆಕೆಂಡಿಗಿಂತ ಹೆಚ್ಚು ಕಾಲ ಉಳಿಯಲಾರವೆಂದು ಮ್ಯಾಕ್ಸ್ ಟೆಗ್‌ಮಾರ್ಕ್ ೨೦೦೦ದಲ್ಲಿ ಲೆಕ್ಕ ಹಾಕಿ ತೋರಿಸಿದರು. ನರಕೋಶವು ಒಮ್ಮೆ ಮಿಡಿಯಲು ಬೇಕಾದ ಕಾಲ ಸೆಕೆಂಡಿನ ಸಾವಿರದ ಒಂದು ಭಾಗ. ಈ ಲೆಕ್ಕದ ಬಗ್ಗೆ ವಾದವಿವಾದಗಳಿವೆ. ಆದರೆ ಪೆನ್‌ರೋಸರ ಊಹೆಯೇ ನಿಜವೆಂದು ಒಪ್ಪಿದರೂ ಪ್ರಜ್ಞೆಯು ಸೂಕ್ಷ್ಮನಾಳಗಳನ್ನು ಆಶ್ರಯಿಸಿರುತ್ತದೆ; ನಾಳಗಳು ಕೆಟ್ಟಾಗ ಅದು ಉಳಿಯುವುದೆಂದು ಆ ಊಹೆಯಿಂದ ಸಿದ್ಧಿಸುವುದಿಲ್ಲ.

ಮಾಹಿತಿ ಅಳಿಯದೆ? ಕಾಲ ಕಳೆಯದೆ?

ಇನ್ನೆರಡು ವಾದಗಳು ಹೆಚ್ಚು ಗಂಭೀರವಾದವು. ಮೊದಲನೆಯದು ಮಾಹಿತಿಯದು. ಕ್ವಾಂಟಂ ಬಲವಿಜ್ಞಾನದ ಮೂಲ ಸಮೀಕರಣದಂತೆ ಒಂದು ಮುಚ್ಚಿದ ವ್ಯವಸ್ಥೆಯ ಮಾಹಿತಿ ಎಂದಿಗೂ ಅಳಿಯುವುದಿಲ್ಲ. ಕಪ್ಪುಕುಳಿಗಳು ಈ ತತ್ತ್ವವನ್ನು ಮುರಿಯುತ್ತವೆಯೆ ಎಂದು ಸ್ಟೀಫನ್ ಹಾಕಿಂಗ್ ೧೯೭೬ರಲ್ಲಿ ಎತ್ತಿದ ಪ್ರಶ್ನೆ ದಶಕಗಳ ಚರ್ಚೆಯನ್ನು ಹುಟ್ಟಿಸಿತು. ಹಾಗಾದರೆ ಒಬ್ಬನ ನೆನಪುಗಳೂ ವಿಶ್ವದಲ್ಲಿ ಉಳಿದಿರುವುವೆ? ಒಂದು ಪತ್ರವನ್ನು ಸುಟ್ಟೆವೆನ್ನಿ. ಹೊಗೆಯ, ಬೂದಿಯ, ಬೆಳಕಿನ ಪ್ರತಿಯೊಂದು ಕಣದ ಸ್ಥಿತಿಯನ್ನೂ ಪೂರ್ಣವಾಗಿ ಬಲ್ಲವನಿದ್ದರೆ ತಾತ್ತ್ವಿಕವಾಗಿ ಪತ್ರದ ಅಕ್ಷರಗಳನ್ನು ಮತ್ತೆ ಲೆಕ್ಕ ಹಾಕಿ ತೆಗೆಯಬಹುದು. ಆದರೆ ಆ ಪತ್ರವನ್ನು ಈಗ ಯಾರೂ ಓದಲಾರರು. ಪತ್ರವು ತನ್ನನ್ನು ತಾನೇ ಓದಿಕೊಳ್ಳುವುದಂತೂ ಇಲ್ಲ. ಮಾಹಿತಿಗೆ ಯಾವಾಗಲೂ ಒಂದು ಭೌತಿಕ ಆಧಾರ ಬೇಕೆಂದು ರಾಲ್ಫ್ ಲಾಂಡಾವರ್ ವಾದಿಸಿದರು. ಮಾಹಿತಿಯ ಒಂದು ಘಟಕವನ್ನು ಅಳಿಸುವುದಕ್ಕೂ ಕನಿಷ್ಠ ಇಷ್ಟು ಉಷ್ಣವನ್ನು ತೆರಬೇಕೆಂದು ೧೯೬೧ರಲ್ಲಿ ತೋರಿಸಿದರು. ೨೦೧೨ರಲ್ಲಿ ಅದನ್ನು ಪ್ರಯೋಗದಿಂದಲೂ ಪರೀಕ್ಷಿಸಲಾಯಿತು. ಆಲೋಚಿಸುವುದು, ನೆನೆಯುವುದು, ಪ್ರೀತಿಸುವುದು ಮಾಹಿತಿಯ ಬರಿಯ ಇರವಲ್ಲ. ಅದು ನಡೆಯುತ್ತಿರುವ ಕ್ರಿಯೆ.

ಎರಡನೆಯದು ಕಾಲದ ವಾದ. ಐನ್‌ಸ್ಟೈನರ ಆಪ್ತಮಿತ್ರ ಮಿಕೇಲೆ ಬೆಸ್ಸೊ ೧೯೫೫ರ ಮಾರ್ಚಿನಲ್ಲಿ ತೀರಿಕೊಂಡರು. ಅವರ ಮನೆಯವರಿಗೆ ಬರೆದ ಸಾಂತ್ವನ ಪತ್ರದಲ್ಲಿ ಐನ್‌ಸ್ಟೈನರು, ಭೌತವಿಜ್ಞಾನದಲ್ಲಿ ಶ್ರದ್ಧೆಯುಳ್ಳವರಿಗೆ ಭೂತ, ವರ್ತಮಾನ, ಭವಿಷ್ಯಗಳ ಭೇದ ಬಿಡದೆ ಕಾಡುವ ಒಂದು ಭ್ರಮೆಯಷ್ಟೆ ಎಂಬ ಭಾವವನ್ನು ವ್ಯಕ್ತಪಡಿಸಿದ್ದರು. ಒಂದು ತಿಂಗಳೊಳಗೆ, ಏಪ್ರಿಲ್ ೧೮ರಂದು, ಅವರೂ ತೀರಿಕೊಂಡರು. ಸಾಪೇಕ್ಷತಾ ಸಿದ್ಧಾಂತದಲ್ಲಿ ಎಲ್ಲರಿಗೂ ಒಂದೇ ಆದ 'ಈಗ' ಎಂಬುದಿಲ್ಲ. ದೇಶ ಕಾಲಗಳು ಸೇರಿದ ನಾಲ್ಕು ಆಯಾಮಗಳ ನಕ್ಷೆಯಲ್ಲಿ ಎಲ್ಲ ಘಟನೆಗಳೂ ತಮ್ಮ ತಮ್ಮ ಸ್ಥಾನದಲ್ಲಿರುತ್ತವೆ ಎಂದು ಅನೇಕರು ಅದನ್ನು ಅರ್ಥೈಸುತ್ತಾರೆ. ಈ ಅರ್ಥದಲ್ಲಿ ಒಬ್ಬರು ಬದುಕಿದ ವರ್ಷಗಳನ್ನು ಮರಣವು ಅಳಿಸಲಾರದು. ಇದರಲ್ಲಿ ಒಂದು ಗಂಭೀರವಾದ ಸಮಾಧಾನವಿದೆ. ಆದರೆ ಇದು ಮರಣೋತ್ತರ ಜೀವನವಲ್ಲ. ಬೆಂಗಳೂರು ದಾಟಿ ಬಂದ ಮೇಲೂ ಬೆಂಗಳೂರು ತನ್ನ ಸ್ಥಳದಲ್ಲಿದೆ. ಅದರಿಂದ ಊರಿನ ಎಲ್ಲೆ ಮುಂದಕ್ಕೆ ಹಬ್ಬಿದಂತಾಗಲಿಲ್ಲ.

ಕಂಡವರ ಮಾತು

ತರ್ಕವೆಲ್ಲ ಇರಲಿ, ಕಂಡವರಿದ್ದಾರಲ್ಲ ಎನ್ನಬಹುದು. ಸತ್ಯಸಂಗತಿಯೊಂದು ಎದುರು ನಿಂತರೆ ಯಾವ ಸಿದ್ಧಾಂತವಾದರೂ ತಲೆಬಾಗಲೇಬೇಕು. ಆದುದರಿಂದ ಇಂಥ ಹೇಳಿಕೆಗಳನ್ನು ನಗೆಯಾಡದೆ ಪರೀಕ್ಷಿಸಬೇಕು; ಪರೀಕ್ಷಿಸಿದ್ದೂ ಉಂಟು. ಹೃದಯ ನಿಂತು ಮತ್ತೆ ಬದುಕಿದವರಲ್ಲಿ ಕೆಲವರು ತಮ್ಮ ದೇಹವನ್ನು ಮೇಲಿಂದ ನೋಡಿದೆವೆನ್ನುತ್ತಾರೆ. ಸ್ಯಾಮ್ ಪಾರ್ನಿಯಾ ಅವರ ನೇತೃತ್ವದಲ್ಲಿ ಹದಿನೈದು ಆಸ್ಪತ್ರೆಗಳಲ್ಲಿ ನಡೆದು ೨೦೧೪ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎತ್ತರದ ಹಲಗೆಗಳ ಮೇಲೆ, ಮೇಲಿನಿಂದ ಮಾತ್ರ ಕಾಣುವಂತೆ, ಚಿತ್ರಗಳನ್ನು ಇಡಲಾಗಿತ್ತು. ೨೦೬೦ ಹೃದಯಸ್ತಂಭನ ಪ್ರಸಂಗಗಳು ಅಧ್ಯಯನಕ್ಕೆ ಸೇರಿದ್ದವು. ಆ ಚಿತ್ರಗಳನ್ನು ಕಂಡು ಹೇಳಿದವರು ಒಬ್ಬರೂ ಇರಲಿಲ್ಲ. ನೋಡಿದ, ಕೇಳಿದ ನೆನಪನ್ನು ವಿವರವಾಗಿ ಹೇಳಿದ ಇಬ್ಬರು ರೋಗಿಗಳೂ ಹಲಗೆಗಳಿಲ್ಲದ ಕಡೆ ಇದ್ದವರು. ಆದುದರಿಂದ ಪರೀಕ್ಷೆ ಪೂರ್ಣವಾಯಿತೆಂದು ಹೇಳಲಾಗದು. ಅಸ್ತಿತ್ವದ ಪಕ್ಷಕ್ಕೆ ಸಾಕ್ಷ್ಯ ದೊರೆಯಿತೆಂದೂ ಹೇಳಲಾಗದು.

ಪೂರ್ವಜನ್ಮದ ನೆನಪಿನ ಕಥೆಗಳನ್ನು ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾನಿಲಯದ ಇಯಾನ್ ಸ್ಟೀವನ್‌ಸನ್ ದೀರ್ಘಕಾಲ ಸಂಗ್ರಹಿಸಿದರು; ಅವರ ಮೊದಲ ದೊಡ್ಡ ಗ್ರಂಥ ೧೯೬೬ರಲ್ಲಿ ಬಂದಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮನೋವಿಜ್ಞಾನಿ ಸತ್ವಂತ್ ಪಸ್ರೀಚಾ ಅವರೂ ಇಂಥ ಪ್ರಕರಣಗಳನ್ನು ಅಭ್ಯಸಿಸಿದರು. ಶ್ರಮದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೆಚ್ಚಿನ ಪ್ರಕರಣಗಳಲ್ಲಿ ಸಂಶೋಧಕರು ಬರುವ ಹೊತ್ತಿಗೆ ಎರಡು ಕುಟುಂಬಗಳೂ ಭೇಟಿಯಾಗಿ ಕಥೆಯನ್ನು ಹಂಚಿಕೊಂಡಿರುತ್ತವೆ. ಮಗು ಮೊದಲು ಏನು ಹೇಳಿತು, ದೊಡ್ಡವರು ಅನಂತರ ಏನು ಸೇರಿಸಿದರು ಎಂಬುದನ್ನು ಬೇರ್ಪಡಿಸುವುದು ಕಷ್ಟ. ಮಗುವಿನ ಮಾತನ್ನು ಮುಂಚಿತವಾಗಿ ಬರೆದಿಟ್ಟು ಆಮೇಲೆ ಹೋಲಿಸಿದ ಪ್ರಕರಣಗಳು ಬೆರಳೆಣಿಕೆಯವು. ಪ್ರಯೋಗಶಾಲೆಯಲ್ಲಿ ನಾವು ವಿದ್ಯಾರ್ಥಿಗಳಿಗೆ ಹೇಳುವುದೂ ಇದನ್ನೇ: ಓದಿಕೆಯನ್ನು ಮೊದಲು ಪುಸ್ತಕದಲ್ಲಿ ಬರೆಯಿರಿ, ಉತ್ತರವನ್ನು ಆಮೇಲೆ ನೋಡಿರಿ.

ಉಳಿದ ಎಡೆ ಯಾವುದು?

ಇಷ್ಟರಿಂದ ತಿಳಿದದ್ದೇನು? ಮರಣೋತ್ತರ ಅಸ್ತಿತ್ವದ ನಂಬಿಕೆಗಳನ್ನು ಎರಡು ವರ್ಗಗಳಾಗಿ ಮಾಡಬಹುದು. ಸತ್ತವರು ಈ ಲೋಕದ ವಸ್ತುಗಳ ಮೇಲೆ ಪರಿಣಾಮ ಬೀರುತ್ತಾರೆ, ಮಾತನಾಡುತ್ತಾರೆ, ತೂಕವುಳ್ಳವರಾಗಿದ್ದಾರೆ, ನೆನಪುಗಳನ್ನು ಹೊಸ ಮೆದುಳಿಗೆ ಒಯ್ಯುತ್ತಾರೆ ಎಂಬ ನಂಬಿಕೆಗಳು ಮೊದಲನೆಯ ವರ್ಗದವು. ಇವು ಭೌತವಿಜ್ಞಾನದ ಗದ್ದೆಯೊಳಗೆ ಕಾಲಿಟ್ಟಿವೆ. ಆದುದರಿಂದ ಅದರ ಪರೀಕ್ಷೆಗೆ ಒಳಗಾಗಲೇಬೇಕು. ಈವರೆಗಿನ ಪರೀಕ್ಷೆಗಳಲ್ಲಿ ಇವು ಗೆದ್ದಿಲ್ಲ. ಗೆಲ್ಲಬೇಕಾದರೆ ನಾವು ಅತ್ಯಂತ ದೃಢವಾಗಿ ತಿಳಿದ ನಿಯಮಗಳನ್ನೇ ತಿದ್ದಬೇಕಾಗುತ್ತದೆ. ಅಸಾಧ್ಯವೆಂದು ತರ್ಕದಿಂದ ಹೇಳಲಾಗದು. ಸಂಭವ ಬಹಳ ಕಡಮೆಯೆಂದು ಧೈರ್ಯವಾಗಿ ಹೇಳಬಹುದು.

ಎರಡನೆಯ ವರ್ಗದ ನಂಬಿಕೆಗಳು ಬೇರೆ. ಅಣುಗಳನ್ನು ಅಲುಗಿಸದ, ಯಾವ ಉಪಕರಣದಲ್ಲಿಯೂ ಗುರುತು ಬಿಡದ ನೆಲೆಯೊಂದನ್ನು ಅವು ಹೇಳುತ್ತವೆ. ಕ್ವಾಂಟಂ ಬಲವಿಜ್ಞಾನದ ನಿರ್ಮಾಪಕರಲ್ಲೊಬ್ಬರಾದ ಶ್ರೋಡಿಂಗರ್ ಉಪನಿಷತ್ತುಗಳ ವಿಚಾರದಿಂದ ಆಕರ್ಷಿತರಾಗಿ, ೧೯೪೪ರಲ್ಲಿ ಪ್ರಕಟವಾದ 'ಜೀವವೆಂದರೇನು?' ಎಂಬರ್ಥದ ತಮ್ಮ ಪುಸ್ತಕದ ಕೊನೆಯಲ್ಲಿ ಚೈತನ್ಯವು ಅನೇಕವಲ್ಲ, ಒಂದೇ ಎಂಬ ಪಕ್ಷವನ್ನು ಹಿಡಿದರು. ಅದನ್ನು ಅವರು ತಮ್ಮ ಸಮೀಕರಣದ ಫಲವೆಂದು ಹೇಳಲಿಲ್ಲ. ತಮ್ಮ ತಾತ್ತ್ವಿಕ ನಿಲುವಾಗಿ ಹೇಳಿದರು. ಆ ಪ್ರಾಮಾಣಿಕತೆಯನ್ನು ಗಮನಿಸಬೇಕು. ದೇಹದ ಅಣುಗಳ ಚಲನೆಯೊಡನೆ 'ನಾನು' ಎಂಬ ಅನುಭವ ಏಕೆ ಕೂಡಿಕೊಂಡಿದೆಯೆಂಬುದನ್ನು ಭೌತವಿಜ್ಞಾನವು ಇನ್ನೂ ವಿವರಿಸಿಲ್ಲ. ಈ ವರ್ಗದ ನಂಬಿಕೆಗಳನ್ನು ಅದು ಅಲ್ಲಗಳೆಯಲಾರದು, ಸಮರ್ಥಿಸಲೂ ಆರದು. ಅದರ ಮೌನವನ್ನು ಸಮ್ಮತಿಯೆಂದು ಯಾರೂ ತಿಳಿಯಬಾರದು.

ವಿದ್ಯಾರ್ಥಿ ಮಿತ್ರರು ಮುಂದೆ ಯಾರಾದರೂ "ವಿಜ್ಞಾನವೇ ಪರಲೋಕವನ್ನು ಸಾಧಿಸಿದೆ" ಎಂದು ಹೇಳುವುದನ್ನು ಕೇಳಿದಾಗ ಮೂರು ಪ್ರಶ್ನೆಗಳನ್ನು ಹಾಕಲಿ: ಅಳೆದದ್ದು ಏನನ್ನು? ಯಾವುದರಿಂದ ಅಳೆದರು? ಯಾವ ಫಲ ಬಂದಿದ್ದರೆ ಈ ಮಾತು ಸುಳ್ಳೆಂದು ಒಪ್ಪುತ್ತಿದ್ದರು? ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದ ಮಾತು ವಿಜ್ಞಾನದ ಮಾತಾಗಲಾರದು. ಈ ಪ್ರಶ್ನೆಗಳನ್ನು ಹಾಕಬೇಕಾದುದು ವೇದಿಕೆಯ ಮೇಲಿನ ಭಾಷಣಕಾರರಿಗೆ, ಪುಸ್ತಕಗಳನ್ನು ಮಾರುವವರಿಗೆ. ಮನೆಯಲ್ಲಿ ಅಜ್ಜನ ಶ್ರಾದ್ಧದ ದಿನ ಎಳ್ಳುನೀರು ಬಿಡುತ್ತಿರುವ ತಂದೆ ತಮ್ಮ ಪ್ರೀತಿಗೂ ಕೃತಜ್ಞತೆಗೂ ಭೌತವಿಜ್ಞಾನದ ಪ್ರಮಾಣಪತ್ರವನ್ನು ಕೇಳಿಲ್ಲ. ನಾವು ಅದನ್ನು ಕೊಡಬೇಕಾಗಿಯೂ ಇಲ್ಲ, ತಡೆಹಿಡಿಯಬೇಕಾಗಿಯೂ ಇಲ್ಲ.